ಒಂದೂಕಾಲು ವೋಲ್ಟು

ತೀರಿಕೊಂಡ ನಾಲ್ಕು ತಿಂಗಳ ಮೇಲೆ ನನ್ನ ಹೆಂಡತಿ ಅನಂತಮತಿ ಒಂಬತ್ತು ಜನರೆದುರು ಮಾತನಾಡಿದಳು. ಕೇಳಿದವರು ಎದ್ದು ನಿಂತು ಕೈಮುಗಿದರು. ನನಗೆ ಮಾತ್ರ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದಿಡಬೇಕೆಂದು ಕುಳಿತಿದ್ದೇನೆ.

ಅದು ಭಾದ್ರಪದದ ಒಂದು ಮಧ್ಯಾಹ್ನ. ಹಳೇ ಹುಬ್ಬಳ್ಳಿಯ ನಮ್ಮ ಮನೆಯ ನಡುಕೋಣೆಯಲ್ಲಿ ಬಸದಿಯ ಪಂಚರು ಸೇರಿದ್ದರು. ಅವರನ್ನು ಕರೆತಂದವನು ಅನಂತಮತಿಯ ಅಣ್ಣ ಭರಮಣ್ಣ. ಬಸದಿಯ ಆಡಳಿತ ಅವನ ಕೈಯಲ್ಲಿದೆ. ತಂಗಿ ಸಲ್ಲೇಖನ ವ್ರತ ಹಿಡಿದು, ತಾನಾಗಿ ಆಹಾರ ಬಿಟ್ಟು, ಸಮಾಧಾನದಿಂದ ದೇಹ ತ್ಯಜಿಸಿದಳೆಂದು ಒಂದು ಕರಿಕಲ್ಲಿನಲ್ಲಿ ಕೆತ್ತಿಸಿದ್ದ. ಅವರ ತಾಯಿಯೂ ಹಾಗೆಯೇ ಹೋದವರು. ತಾಯಿಯ ಕಲ್ಲಿನ ಪಕ್ಕದಲ್ಲಿ ಮಗಳ ಕಲ್ಲು ನಿಲ್ಲಬೇಕು, ಎಡಕ್ಕೋ ಬಲಕ್ಕೋ ಎಂಬುದೇ ಅಂದಿನ ಮಾತು. ಎಲ್ಲರೂ ಒಟ್ಟಿಗೇ ಮಾತನಾಡುತ್ತಿದ್ದರು. ಕೊನೆಗೆ ಭರಮಣ್ಣ ಧ್ವನಿ ಎತ್ತಿ ಕೇಳಿದ.

"ಹಂಗಾದ್ರ ಇದಕ್ಕ ಒಪ್ಪಿಗಿ ಅದ ಅಲ್ಲೇನು?"

ಮೂಲೆಯ ಮೇಜಿನ ಮೇಲಿಂದ ಅನಂತಮತಿಯ ಧ್ವನಿ ಉತ್ತರ ಕೊಟ್ಟಿತು.

"ಹೌದು. ನನಗ ಒಪ್ಪಿಗಿ ಅದ."

ಅವಳ ಪರವಾಗಿ ಮಾತನಾಡಲೆಂದು ಒಂದೂವರೆ ವರ್ಷದ ಹಿಂದೆ ನಾವು ತರಿಸಿದ್ದ ಕಂಪ್ಯೂಟರ್ ಅದು. ಅದರಲ್ಲಿ ಉಳಿದಿದ್ದ ಅವಳ ಹಳೆಯ ಮಾತುಗಳನ್ನು ಕೇಳಬೇಕೆನಿಸಿ ನಾನೇ ಬೆಳಿಗ್ಗೆ ಹಚ್ಚಿದ್ದೆ. ಆರಿಸಲು ಮರೆತಿದ್ದೆ. ಪಂಚರಲ್ಲಿ ಒಬ್ಬರು ಕಣ್ಣೊರೆಸಿಕೊಂಡರು. ಸತ್ತ ಮೇಲೂ ಸಾಕ್ಷಿ ಹೇಳಿದಳಲ್ಲ, ಪುಣ್ಯವಂತೆ ಎಂದು ಇನ್ನೊಬ್ಬರು ಅಂದರು. ಭರಮಣ್ಣ ಗೋಡೆಗೆ ಒರಗಿ ಅಳುತ್ತಿದ್ದ.

ಆ ಕಂಪ್ಯೂಟರಿಗೆ ಅವಳ ಮನಸ್ಸಿನ ಮಾತನ್ನು ಮುಟ್ಟಿಸುತ್ತಿದ್ದದ್ದು ತಂತಿ ಹೆಣೆದ ಒಂದು ಟೋಪಿ. ಆ ಟೋಪಿ ನನ್ನ ಟ್ರಂಕಿನಲ್ಲಿತ್ತು. ಅವಳ ಸೀರೆಗಳ ಕೆಳಗೆ ನಾನೇ ಮಡಿಸಿಟ್ಟಿದ್ದೆ. ತಲೆಯಿಲ್ಲ, ಟೋಪಿಯಿಲ್ಲ, ಆದರೂ ಯಂತ್ರ ಒಪ್ಪಿಗೆ ಕೊಟ್ಟಿತು. ನಾಲ್ಕು ತಿಂಗಳ ಹಿಂದೆ, ವ್ರತದ ದಿನ, ಇದೇ ಕೋಣೆಯಲ್ಲಿ ಕೊಟ್ಟ ಮಾತೂ ಇದೇ. ಒಂದಕ್ಷರ ಆಚೆಯಿಲ್ಲ, ಈಚೆಯಿಲ್ಲ.

ನಾನು ಮೂವತ್ತನಾಲ್ಕು ವರ್ಷ ವಿದ್ಯುತ್ ಉಪಕೇಂದ್ರಗಳಲ್ಲಿ ಪರೀಕ್ಷಕನಾಗಿದ್ದವನು. ನನ್ನ ಹಳೆಯ ಮುಳ್ಳಿನ ಮೀಟರನ್ನು ಕಪಾಟಿನಿಂದ ತೆಗೆದೆ. ಕಂಪ್ಯೂಟರಿನ ಪಕ್ಕದ ಹಲಗೆ ಬಿಚ್ಚಿ, ಪ್ರೊಸೆಸರಿಗೆ ವಿದ್ಯುತ್ತು ಸೇರುವ ಜಾಗಕ್ಕೆ ಎರಡು ಕಡ್ಡಿ ಹಚ್ಚಿದೆ. ಎಲ್ಲರೂ ಬಾಯಿ ಮುಚ್ಚಿ ಕೂರಬೇಕೆಂದೆ. ಮುಳ್ಳು ಒಂದೂಕಾಲು ವೋಲ್ಟಿನ ಬಳಿ ನಿಂತಿತು.

"ಈಗ ಮಾತಾಡ್ರಿ. ಎಲ್ಲಾರೂ ಕೂಡೇ ಮಾತಾಡ್ರಿ."

ಭರಮಣ್ಣ ನನ್ನನ್ನು ತಲೆ ಕೆಟ್ಟವನಂತೆ ನೋಡಿದ. "ಏನ್ ಮಾತಾಡೋದು ಭಾವಾ?"

"ಏನರೆ ಮಾತಾಡ್ರಿ. ಮಳಿ ಬಗ್ಗೆ ಮಾತಾಡ್ರಿ."

ಅವರು ಅಂಜುತ್ತ ಮಳೆಯ ವಿಷಯ ಆಡತೊಡಗಿದರು. ಧ್ವನಿಗಳು ಒಂದರ ಮೇಲೊಂದು ಏರಿದಂತೆ ಮುಳ್ಳು ಇಳಿಯಿತು. ಒಂದು ಪಾಯಿಂಟ್ ಎರಡು. ಒಂದು ಪಾಯಿಂಟ್ ಒಂದು ಐದು. ಒಂದು ಪಾಯಿಂಟ್ ಒಂದು ಒಂದಕ್ಕೆ ಬಂದು ನಡುಗುತ್ತ ನಿಂತಿತು. ಪರದೆಯ ಮೂಲೆಯಲ್ಲಿ ಮಾತ್ರ ಒಂದೂಕಾಲು ಎಂಬ ಅಂಕಿ ಅಲ್ಲಾಡದೆ ಹೊಳೆಯುತ್ತಿತ್ತು.

ಕಲ್ಲಿನ ಮಾತು ಇವತ್ತಿಗೆ ಸಾಕು, ಎಲ್ಲರೂ ಮನೆಗೆ ಹೋಗಿರೆಂದೆ. ಅವರು ಹೋದ ಮೇಲೆ ಅವಳು ಮಲಗಿರುತ್ತಿದ್ದ ಮಂಚದ ಮೇಲೆ ಕುಳಿತೆ. 

ನಮಗೆ ಮಕ್ಕಳಿಲ್ಲ. ನಲವತ್ತೊಂದು ವರ್ಷ ಇಬ್ಬರೇ ಬಾಳಿದೆವು. ಅನಂತಮತಿ ಬಾಯಿ ಗಟ್ಟಿಯಿದ್ದ ಹೆಂಗಸು. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಊಟವಿಲ್ಲ. ಆ ನಿಯಮವನ್ನು ಅವಳು ಚಾಚೂ ತಪ್ಪದೆ ನಡೆಸಿದಳು. ಆದರೆ ಅದರ ಮೇಲೆ ನಗೆಯಾಡುವುದನ್ನೂ ಬಿಡಲಿಲ್ಲ. "ನಮ್ಮ ನೆಂಟರಿಗೆ ಗಡಿಯಾರ ಬ್ಯಾಡ, ಹೊತ್ತು ಮುಳುಗೋಕ್ಕಿಂತ ತಾಸು ಮದಲ ಕರೆಕ್ಟ್ ಬರ್ತಾರ" ಎಂದು ಅಡುಗೆಮನೆಯಿಂದ ನನಗಷ್ಟೇ ಕೇಳುವಂತೆ ಅನ್ನುತ್ತಿದ್ದಳು.

ಅವಳ ಅರವತ್ತಮೂರನೆಯ ವಯಸ್ಸಿನಲ್ಲಿ ನರಗಳ ರೋಗ ಹತ್ತಿತು. ಮೊದಲು ಕೈ ಹೋಯಿತು, ಆಮೇಲೆ ಕಾಲು, ಆಮೇಲೆ ನಾಲಗೆ, ಕೊನೆಗೆ ಕಣ್ಣೆವೆ. ಬುದ್ಧಿ ಮಾತ್ರ ಮೊದಲಿನಂತೆಯೇ ಚುರುಕಾಗಿತ್ತು. ಹೊಟ್ಟೆಗೆ ನಳಿಗೆ ಹಾಕಿಸಿ, ಅದರಲ್ಲಿ ಸೋಸಿದ ಗಂಜಿ, ಸೋಸಿದ ನೀರು ಬಿಡುತ್ತಿದ್ದೆ. ಚೆನ್ನಾಗಿ ನೋಡಿಕೊಂಡರೆ ಇನ್ನೆರಡು ವರ್ಷಕ್ಕೆ ಮೋಸವಿಲ್ಲ ಎಂದು ಡಾಕ್ಟರು ಹೇಳಿದ್ದರು.

ಆ ವರ್ಷವೇ ಇಂಥ ರೋಗಿಗಳಿಗಾಗಿ ಮಾತಿನ ಯಂತ್ರ ಬಂತು. ಬಾಯಿ ಆಡದಿದ್ದರೂ ಮನುಷ್ಯ ಮಾತನಾಡಬೇಕೆಂದುಕೊಂಡಾಗ ಮಿದುಳಿನಲ್ಲಿ ಸಣ್ಣ ವಿದ್ಯುತ್ತು ಹರಿಯುತ್ತದೆ. ಟೋಪಿ ಅದನ್ನು ಹಿಡಿಯುತ್ತದೆ. ಕಂಪ್ಯೂಟರ್ ಅದರಿಂದ ಮಾತು ಕಟ್ಟಿ, ಅವಳ ಹಳೆಯ ಧ್ವನಿಯಲ್ಲೇ ನುಡಿಯುತ್ತದೆ. ಕೋಣೆಯಲ್ಲಿ ಉಳಿದವರು ಆಡುವುದನ್ನೂ ಅದು ಕೇಳಿಸಿಕೊಳ್ಳುತ್ತದೆ. ಪ್ರಶ್ನೆ ಯಾವುದೆಂದು ತಿಳಿದರೆ ಉತ್ತರ ಹುಡುಕುವುದು ಸುಲಭ. ಹನ್ನೊಂದು ತಿಂಗಳ ಮೌನದ ನಂತರ ಅವಳಾಡಿದ ಮೊದಲ ಮಾತು ನನಗೆ ಬಾಯಿಪಾಠವಾಗಿದೆ. "ಸಾರಿಗೆ ಉಪ್ಪು ಕಡಿಮಿ ಹಾಕ್ತೀರಿ. ವಾಸನಿಗೇ ಗೊತ್ತಾಗ್ತದ."

ಒಂದೇ ತೊಂದರೆಯಿತ್ತು. ಉತ್ತರ ಬರಲು ನಾಲ್ಕು ಸೆಕೆಂಡು ಬೇಕಾಗುತ್ತಿತ್ತು. ನನಗೆ ಅದು ಹೊರೆಯೆನಿಸಲಿಲ್ಲ. ಬೆಳಿಗ್ಗೆ ಪೂಜೆ ಮುಗಿಸಿ ಅವಳಿಗೆ ಪುರಾಣದ ಒಂದೊಂದೇ ಅಧ್ಯಾಯ ಓದುತ್ತಿದ್ದೆ. ಮುಗಿಸಿ ಪುಸ್ತಕ ಮುಚ್ಚಿ, ಕಾಯುತ್ತಿದ್ದೆ. ನಾಲ್ಕು ಸೆಕೆಂಡಿನ ಮೇಲೆ ಅವಳು ಏನಾದರೊಂದು ಕೊಂಕು ನುಡಿಯುತ್ತಿದ್ದಳು. ಬಂದವರಿಗೆ ಮಾತ್ರ ಅಷ್ಟು ತಾಳ್ಮೆಯಿರಲಿಲ್ಲ. ಕೇಳಿ, ಎರಡು ಸೆಕೆಂಡು ನೋಡಿ, ಮತ್ತೊಂದು ಕೇಳುತ್ತಿದ್ದರು. ಮೊದಲನೆಯದರ ಉತ್ತರ ಎರಡನೆಯದಕ್ಕೆ ಬರುತ್ತಿತ್ತು. ಎಲ್ಲರಿಗಿಂತ ಹೆಚ್ಚು ಅವಸರ ಭರಮಣ್ಣನಿಗೆ.

ಚೈತ್ರದಲ್ಲಿ ಅವಳಿಗೆ ಒಮ್ಮೆ ಎದೆ ಕಟ್ಟಿ ಜ್ವರ ಬಂದು ಹೋಯಿತು. ಆಗಲೇ ಭರಮಣ್ಣ ವ್ರತದ ಮಾತೆತ್ತಿದ. ತಾಯಿ ಹೋದಾಗ ಅನಂತಮತಿ "ಅವ್ವನ ಪುಣ್ಯ ದೊಡ್ಡದು" ಎಂದಿದ್ದಳಂತೆ. ಅದನ್ನೇ ಅವನು ಗಂಟು ಕಟ್ಟಿಕೊಂಡಿದ್ದ. ಅವನಲ್ಲಿ ಕೆಟ್ಟತನ ಇರಲಿಲ್ಲ. ತಂಗಿ ಹಾಸಿಗೆಯಲ್ಲಿ ಕೊಳೆಯದೆ ಗೌರವದಿಂದ ಹೋಗಲಿ ಎಂದು ಆಸೆಪಟ್ಟ. ಅವಳನ್ನೇ ಕೇಳಬೇಕು ಎಂದು ನಾನೆಂದೆ. ಕೇಳೋಣ, ಎಲ್ಲರೆದುರು ಕೇಳೋಣ ಎಂದು ಅವನೆಂದ. ಊರಿಗೆ ಒಬ್ಬ ಮಾತಾಜಿ, ನಮ್ಮ ಜೈನ ಸನ್ಯಾಸಿನಿ, ದಯಮಾಡಿಸಿದ್ದರು. ಅವರ ಸಮ್ಮುಖದಲ್ಲಿ ಕೇಳುವುದೆಂದು ಗೊತ್ತಾಯಿತು.

ಉತ್ತರ ತಡವಾದರೆ ಸಭೆಯಲ್ಲಿ ಅಪಹಾಸ್ಯವಾದೀತೆಂದು ಭರಮಣ್ಣ ಯಂತ್ರದ ಕಂಪನಿಗೆ ಫೋನು ಮಾಡಿ ಕಿರಣ ಸವಡಿ ಎಂಬ ಕೆಲಸಗಾರನನ್ನು ಕರೆಸಿದ. ಅಂದು ಬೆಳಿಗ್ಗೆಯೇ ಅವನು ಬಂದ. ಪ್ರೊಸೆಸರನ್ನು ಕಂಪನಿ ಕಟ್ಟಿಕೊಟ್ಟ ವೇಗಕ್ಕಿಂತ ಹೆಚ್ಚು ಓಡಿಸಬಹುದು, ಜೊತೆಗೆ ಮಾತನ್ನು ಮತ್ತೆ ಮತ್ತೆ ತಾಳೆ ನೋಡುವ ಹಂತ ಬಿಟ್ಟರೆ ಉತ್ತರ ಸೆಕೆಂಡಿನೊಳಗೆ ಬರುತ್ತದೆ, ಹುಡುಗರು ಆಟ ಆಡಲು ಮನೆಯಲ್ಲೇ ಹೀಗೆ ಮಾಡಿಕೊಳ್ಳುತ್ತಾರೆ ಎಂದ.

ಅವನು ಮಾಡಿದ್ದೇನೆಂದು ನನಗೆ ಗೊತ್ತಾಗಲಿಲ್ಲವೆಂದು ಹೇಳಿ ಪಾರಾಗಲಾರೆ. ಚೆನ್ನಾಗಿ ಗೊತ್ತಾಯಿತು. ಪ್ರೊಸೆಸರ್ ಎಂದರೆ ನೂರಾರು ಕೋಟಿ ಸ್ವಿಚ್ಚುಗಳ ಒಂದು ಬಿಲ್ಲೆ. ಒಂದು ಬಡಿತಕ್ಕೆ ತೆರೆಯಬೇಕು, ಇನ್ನೊಂದಕ್ಕೆ ಮುಚ್ಚಬೇಕು. ನಮ್ಮ ಯಂತ್ರದಲ್ಲಿ ಸೆಕೆಂಡಿಗೆ ನಾನೂರು ಕೋಟಿ ಬಡಿತವಿತ್ತು. ಕಿರಣ ಅದನ್ನು ಐನೂರು ಕೋಟಿಗೆ ಏರಿಸಿದ. ಬೇಗ ತೆರೆದು ಬೇಗ ಮುಚ್ಚಬೇಕಾದರೆ ಸ್ವಿಚ್ಚಿಗೆ ನೂಕುಬಲ ಹೆಚ್ಚು ಬೇಕು. ಆ ನೂಕುಬಲವೇ ವೋಲ್ಟೇಜು. ಉಪಕೇಂದ್ರದಲ್ಲೂ ಅಷ್ಟೇ. ಬ್ಯಾಟರಿ ಇಳಿದಿದ್ದರೆ ಲೈನು ಕಡಿಯುವ ಬ್ರೇಕರ್ ಅರ್ಧಕ್ಕೆ ನಿಲ್ಲುತ್ತದೆ. ಐನೂರು ಕೋಟಿಗೆ ಒಂದು ಪಾಯಿಂಟ್ ಮೂರು ಐದು ವೋಲ್ಟು ಬೇಕೆಂದು ಕಿರಣನೇ ಹೇಳಿದ, ಹಾಕಿಯೂ ತೋರಿಸಿದ. ವೋಲ್ಟೇಜು ಸ್ವಲ್ಪ ಏರಿದರೆ ಶಾಖ ಅದಕ್ಕಿಂತ ಬಹಳ ಏರುತ್ತದೆ. ಪೆಟ್ಟಿಗೆಯೊಳಗಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಮೊರೆಯಿತು.

ನಾನು ಅಂದೆ, "ಮಾತಾಜಿ ಮುಂದ ಈ ಸಪ್ಪಳ ಆಗೋದಿಲ್ಲ. ಸುಮ್ಮನಿರಬೇಕು ಅದು."

ತ್ಯಾಗಿಗಳು ಇರುವ ಕಡೆ ನಾವು ಫ್ಯಾನು ಹಾಕುವುದಿಲ್ಲ. ಗಾಳಿಯಲ್ಲಿರುವ ಸಣ್ಣ ಜೀವಗಳಿಗೆ ಹಿಂಸೆಯಾಗುತ್ತದೆ. ಛಾವಣಿಯ ಫ್ಯಾನನ್ನು ನಾನು ಮುಂಜಾನೆಯೇ ಆರಿಸಿದ್ದೆ. ಯಂತ್ರದ ಫ್ಯಾನೂ ಸದ್ದು ಮಾಡದಿದ್ದರೆ ಸಾಕೆನಿಸಿತ್ತು. ಕಿರಣ ವೋಲ್ಟೇಜನ್ನು ಒಂದೂಕಾಲಿಗೆ ಇಳಿಸಿದ. ಮೊರೆತ ನಿಂತಿತು. ಯಂತ್ರ ಓಡುತ್ತಲೇ ಇತ್ತು. ಕಡಿಮೆಯಾಗಲಿಲ್ಲವೇ ಎಂದು ಕೇಳಿದೆ. ಅವನು ಪರದೆಯ ಮೂಲೆ ತೋರಿಸಿದ. "ನೋಡ್ರಿ ಅಜ್ಜಾರ, ಒಂದೂಕಾಲು, ಕಲ್ಲಿನಂಗ ನಿಂತದ. ಎಲ್ಲೂ ನಿಂತಿಲ್ಲ, ಎಲ್ಲೂ ತಪ್ಪಿಲ್ಲ."

ನಾನು ನೋಡಿದೆ. ಹೂಂ ಎಂದೆ.

ಪಂಪು ಓಡದಿರುವಾಗ ಲೈನಿನ ವೋಲ್ಟೇಜು ಅಳೆದು ಸರಿಯಿದೆ ಎಂದು ಬರೆದುಕೊಂಡು ಬಂದ ಹೊಸಬರನ್ನು ನಾನು ಎಷ್ಟು ಸಲ ಬೈದಿದ್ದೇನೆ. ಭಾರವಿಲ್ಲದಾಗ ಎಲ್ಲ ತಂತಿಯೂ ಸರಿ. ಊರಿನ ಪಂಪುಗಳೆಲ್ಲ ಓಡುವ ಹೊತ್ತಿಗೆ, ಲೈನಿನ ತುದಿಗೆ ನಡೆದು ಹೋಗಿ ಅಳೆಯಬೇಕು. ಅದೊಂದನ್ನು ಕಲಿಸಿಯೇ ನಾನು ನಿವೃತ್ತನಾದೆ. ಆ ಬೆಳಿಗ್ಗೆ ಕೋಣೆಯಲ್ಲಿದ್ದವರು ನಾನು, ಕಿರಣ, ಅವಳು. ಯಂತ್ರಕ್ಕೆ ಭಾರವೇ ಇರಲಿಲ್ಲ. ಪರದೆಯ ಮೇಲಿದ್ದದ್ದು ಇಷ್ಟು ಕೊಡು ಎಂಬ ಆಜ್ಞೆ ಮಾತ್ರ. ಪ್ರೊಸೆಸರಿಗೆ ಎಷ್ಟು ತಲುಪಿತೆಂದು ಅದು ಹೇಳುತ್ತಿರಲಿಲ್ಲ. ನನ್ನ ಮೀಟರು ಅದೇ ಕೋಣೆಯ ಕಪಾಟಿನಲ್ಲಿತ್ತು. ತೆಗೆಯಲಿಲ್ಲ. ಮಾತಾಜಿ ಬರುವ ಹೊತ್ತಾಗಿತ್ತು. ಮಡಿ ಉಟ್ಟಿದ್ದೆ.

ಹನ್ನೊಂದು ಗಂಟೆಗೆ ಕೋಣೆ ತುಂಬಿತು. ಅರವತ್ತು ಜನ ಇದ್ದರು. ಬಾಗಿಲಲ್ಲೂ ಕಿಟಕಿಯಲ್ಲೂ ಮುಖಗಳು. ವೈಶಾಖದ ಬಿಸಿಲು. ಫ್ಯಾನಿಲ್ಲ. ಅನಂತಮತಿಯ ಹಣೆಯ ಬೆವರನ್ನು ಒರೆಸಿ ಟೋಪಿ ಹಾಕಿದೆ. ಭರಮಣ್ಣ ಕೇಳಿದ. ಆಹಾರದ ಮೇಲಿನ ಆಸೆ ಬಿಟ್ಟು ವ್ರತ ಹಿಡಿಯಲು ಒಪ್ಪಿಗೆಯೇ ಎಂದು ಉದ್ದವಾಗಿ, ಗ್ರಂಥದ ಮಾತಿನಲ್ಲಿ ಕೇಳಿದ. ಹಿಂದಿನಿಂದ ಜನ ಗುಜುಗುಜು ಎನ್ನುತ್ತಿದ್ದರು. ಉತ್ತರ ಥಟ್ಟನೆ ಬಂತು.

"ಹೌದು. ನನಗ ಒಪ್ಪಿಗಿ ಅದ."

ಮೂರು ಸಲ ಕೇಳಬೇಕೆಂದು ಮಾತಾಜಿ ಹೇಳಿದರು. ಎರಡನೆಯ ಸಲವೂ ಅದೇ ಉತ್ತರ ಬಂತು. ಮೂರನೆಯ ಸಲವೂ ಅದೇ. ಮಾತಾಜಿಗೆ ಸಮಾಧಾನವಾಗಲಿಲ್ಲ. ಅವರು ಯಂತ್ರವನ್ನು ನೋಡಿದರು, ಅವಳ ಮುಖ ನೋಡಿದರು, ಆಮೇಲೆ ನನ್ನತ್ತ ತಿರುಗಿದರು.

"ಈ ಪೆಟ್ಟಿಗಿ ನನಗ ತಿಳಿಯೂದಿಲ್ಲ. ನೀವು ಇವರ ಜೋಡಿ ಇರೂವ್ರು, ಕರೆಂಟಿನ ಕೆಲಸ ಬಲ್ಲವ್ರು. ಇದು ಇವರದೇ ಮಾತೇನ್ರಿ?"

"ಹೌದ್ರಿ ಮಾತಾಜಿ, ಅಕೀದೇ ಮಾತು" ಎಂದೆ.

ಅವರು ವ್ರತ ಕೊಟ್ಟರು. ಹೊರಡುವಾಗ ನನ್ನನ್ನು ಕರೆದು, "ಹಸಿವು ಅಂದ್ರ ಕೊಟ್ಟುಬಿಡ್ರಿ. ವ್ರತ ಸೆರೆಮನಿ ಅಲ್ಲ" ಎಂದು ಹೇಳಿ ಹೋದರು. ಮರುದಿನ ಅವರು ಕಾಲ್ನಡಿಗೆಯಲ್ಲಿ ಮುಂದಿನ ಊರಿಗೆ ವಿಹಾರ ಹೊರಟರು.

ಗಂಜಿ ನಿಲ್ಲಿಸಿದೆವು. ಹಾಲು, ಆಮೇಲೆ ನೀರು ಮಾತ್ರ ಎಂದು ಗೊತ್ತಾಯಿತು. ಮೂರನೆಯ ದಿನ ಬೆಳಿಗ್ಗೆ ನಾನೊಬ್ಬನೇ ಅಧ್ಯಾಯ ಓದಿ ಮುಗಿಸಿದೆ. ಪುಸ್ತಕ ಮುಚ್ಚುವ ಮೊದಲೇ ಅವಳು ನುಡಿದಳು.

"ಹಸಿವಾಗೇದ್ರಿ."

ನಾನು ಏನು ಮಾಡಿದೆನೆಂದು ಬರೆಯುತ್ತೇನೆ. ಎದ್ದು ಒಲೆ ಹಚ್ಚಲಿಲ್ಲ. ಭರಮಣ್ಣನಿಗೆ ಫೋನು ಮಾಡಿದೆ. ಅದು ಮಷಿನ್ನಿನ ಮಾತು, ತಂಗಿಯ ಮಾತಲ್ಲ, ಅರವತ್ತು ಜನರ ಮುಂದೆ ಮೂರು ಸಲ ಹೇಳಿದ್ದು ಸುಳ್ಳಾಗುತ್ತದೆಯೇ ಎಂದು ಅವನೆಂದ. ಅವನು ಹೇಳದಿದ್ದರೂ ನಾನು ಹಾಗೇ ಯೋಚಿಸುತ್ತಿದ್ದೆ. ಮೀಟರಿನಲ್ಲಿ ಮೂರು ಓದು, ಅಂದರೆ ಮೂರು ಅಳತೆ, ಒಂದೇ ಬಂದು ನಾಲ್ಕನೆಯದು ಬೇರೆ ಬಂದರೆ ನಾಲ್ಕನೆಯದನ್ನು ಬಿಡಬೇಕು. ಇದು ಪರೀಕ್ಷಕರ ಪದ್ಧತಿ. ಮೂರು ಓದನ್ನೂ ಒಂದೇ ತಪ್ಪು ಸ್ಥಿತಿಯಲ್ಲಿ ತೆಗೆದಿದ್ದರೆ ಮೂರೂ ಒಂದೇ ತಪ್ಪು ಎಂಬುದು ನನಗೆ ಹೊಳೆಯಲಿಲ್ಲ. ಬೆಳಗಿನ ಹೊತ್ತು ಟೋಪಿಗೆ ಹಚ್ಚುವ ಅಂಟಿನ ಪಸೆ ಆರಿ ಯಂತ್ರ ತಪ್ಪಿರಬೇಕೆಂದುಕೊಂಡೆ. ಅಥವಾ ದೇಹದ ಮೋಹ ಮಾತನಾಡಿಸಿರಬೇಕು, ಅವಳ ವ್ರತ ಕೆಡಿಸುವ ಪಾಪ ನನಗೆ ಬೇಡ ಎಂದುಕೊಂಡೆ. "ಗಟ್ಟಿಯಾಗಿರು" ಎಂದು ಅವಳ ತಲೆ ಸವರಿ, ಟೋಪಿ ತೆಗೆದುಬಿಟ್ಟೆ.

ಆಮೇಲೆ ಅವಳಿಗೆ ಮಾತಾಡಲು ದಾರಿಯೇ ಇರಲಿಲ್ಲ. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಎವೆ ಮುಚ್ಚಲಾಗದವರಿಗೆ ಹಾಗೆ ಇಳಿಯುತ್ತದೆಂದು ಡಾಕ್ಟರು ಹಿಂದೆಯೇ ಹೇಳಿದ್ದರು. ಅದನ್ನು ನಂಬಿಕೊಂಡೆ. ಹನ್ನೊಂದನೆಯ ದಿನ ಹೋದಳು. ಊರೆಲ್ಲ ಬಂದು ನನ್ನ ಕಾಲಿಗೆ ನಮಸ್ಕರಿಸಿತು. ನಮಸ್ಕರಿಸಿಕೊಂಡೆ.

ಮುಳ್ಳು ಇಳಿದುದನ್ನು ಕಂಡ ಮರುದಿನವೇ ಯಂತ್ರವನ್ನು ಆಟೋದಲ್ಲಿ ಹಾಕಿಕೊಂಡು ಕಂಪನಿಯ ಪ್ರಯೋಗಾಲಯಕ್ಕೆ ಹೋದೆ. ಅದು ಊರ ಹೊರಗಿನ ಕೈಗಾರಿಕಾ ಪ್ರದೇಶದಲ್ಲಿದೆ. ಅಲ್ಲಿಯ ವ್ಯವಸ್ಥಾಪಕ ನನಗೆ ಚಹಾ ತರಿಸಿದ. ಸಂತಾಪ ಹೇಳಿದ. ತಮ್ಮ ಕೆಲಸಗಾರ ಮಿತಿಯೊಳಗೇ ಸೆಟ್ಟಿಂಗು ಬದಲಿಸಿದ್ದಾನೆ, ಯಂತ್ರ ಒಮ್ಮೆಯೂ ನಿಂತಿಲ್ಲ, ಆದ್ದರಿಂದ ದೋಷವಿಲ್ಲ ಎಂದ.

ನಿಂತಿದ್ದರೆ ಒಳ್ಳೆಯದಿತ್ತು ಎಂದೆ. ನಿಂತ ಯಂತ್ರ ಕೆಟ್ಟಿದೆಯೆಂದು ಕುರುಡನಿಗೂ ತಿಳಿಯುತ್ತದೆ. ತಪ್ಪು ಲೆಕ್ಕ ಮಾಡುತ್ತ ಓಡುವ ಯಂತ್ರವನ್ನು ಯಾರು ಹಿಡಿಯಬೇಕು? ಅರವತ್ತು ಜನ ಗುಜುಗುಜು ಎನ್ನುವಾಗ ಒಂದೊಂದು ಧ್ವನಿಯನ್ನೂ ಬೇರೆ ಮಾಡಲು ಅದು ದುಡಿಯಬೇಕು. ದುಡಿದಷ್ಟು ವಿದ್ಯುತ್ತು ಎಳೆಯುತ್ತದೆ. ಎಳೆದಷ್ಟು ವೋಲ್ಟೇಜು ಬೀಳುತ್ತದೆ. ಬಿದ್ದಾಗ ಸ್ವಿಚ್ಚು ಸಮಯಕ್ಕೆ ಮುಚ್ಚುವುದಿಲ್ಲ, ಒಂದು ಇರಬೇಕಾದಲ್ಲಿ ಸೊನ್ನೆ ಉಳಿಯುತ್ತದೆ. ಇಷ್ಟು ನನಗೆ ಗೊತ್ತು. ಗೊತ್ತಿಲ್ಲದ್ದು ಒಂದೇ. ಲೆಕ್ಕ ಕೆಟ್ಟರೆ ಅರ್ಥವಿಲ್ಲದ ಗದ್ದಲ ಬರಬೇಕು. ಅಚ್ಚುಕಟ್ಟಾಗಿ "ಒಪ್ಪಿಗಿ ಅದ" ಎಂದು ಹೇಗೆ ಬಂತು?

 ಇದಕ್ಕೆ ಉತ್ತರ ಕೊಟ್ಟವಳು ಶೈಲಜಾ ತೊರಗಲ್ಲ ಎಂಬ ಎಂಜಿನಿಯರು. ನಲವತ್ತರ ಹೆಣ್ಣುಮಗಳು, ವ್ಯವಸ್ಥಾಪಕನ ಪಕ್ಕದಲ್ಲೇ ನಿಂತಿದ್ದಳು. ತಗ್ಗಿದ ದನಿಯಲ್ಲಿ ಹೇಳಿದಳು. ಲೆಕ್ಕ ಕೆಟ್ಟು ಉತ್ತರ ಖಾಲಿ ಬಂದರೆ ಯಂತ್ರ ಸುಮ್ಮನಿರಬಾರದೆಂದು ಕಂಪನಿ ಒಂದು ನಿಯಮ ಬರೆದಿದೆ. ಆಗ ಅದು ಕೋಣೆಯ ಮಾತು ಕೇಳಿ, ಕೇಳಿದವರು ಯಾವ ಉತ್ತರ ಬಯಸುತ್ತಿದ್ದಾರೋ ಅದನ್ನೇ ಆರಿಸಿ ನುಡಿಯುತ್ತದೆ.

ನಾನು ವ್ಯವಸ್ಥಾಪಕನನ್ನು ನೋಡಿದೆ. ಅವನು ಚಹಾದ ಲೋಟ ಸರಿಸಿ, "ಸುಮ್ಮನಿದ್ರ ಜನಕ್ಕ ಸೇರೂದಿಲ್ರಿ ಅಜ್ಜಾರ. ಮಷಿನ್ ವಾಪಸ್ ಕಳಸ್ತಾರ" ಎಂದ.

ನಲವತ್ತೊಂದು ವರ್ಷ ನನ್ನ ಮನೆಯಲ್ಲಿ ಮಾತಾಡಿದ ಹೆಂಗಸಿನ ಧ್ವನಿಯನ್ನು ತೆಗೆದುಕೊಂಡು ಹೋಗಿ, ಸಭೆಗೆ ಬೇಕಾದ ಮಾತನ್ನು ಅದರಲ್ಲಿ ತುಂಬಿ ಕೊಟ್ಟಿದ್ದರು. ಕೈಯೆತ್ತಬಾರದು, ಎತ್ತಿದರೆ ಹಿಂಸೆ ಎಂದು ಹುಟ್ಟಿದಂದಿನಿಂದ ಕಲಿತವನು ನಾನು. ಎರಡೂ ಕೈಯನ್ನು ಮೇಜಿನ ಕೆಳಗೆ ಹಿಡಿದುಕೊಂಡು ಕುಳಿತೆ.

ಟೋಪಿಯಿಂದ ಬಂದ ಮೂಲ ಸಂಕೇತಗಳನ್ನೂ ಕೋಣೆಯ ಮಾತುಗಳನ್ನೂ ಯಂತ್ರ ಆರು ತಿಂಗಳು ಕೂಡಿಡುತ್ತದೆ, ಅಜ್ಜಾರು ಬಯಸಿದರೆ ಅಂದಿನದನ್ನು ಮತ್ತೆ ಲೆಕ್ಕ ಹಾಕಬಹುದು ಎಂದು ಶೈಲಜಾ ಹೇಳಿದಳು. ವ್ಯವಸ್ಥಾಪಕ ಅವಳ ಕಡೆ ಕಣ್ಣು ಬಿಟ್ಟ. ಅವಳು ನೋಡಲೇ ಇಲ್ಲ.

ಒಳಗಿನ ಕೋಣೆಯಲ್ಲಿ ಅವಳು ವೇಗವನ್ನು ಮೊದಲಿನ ನಾನೂರು ಕೋಟಿಗೆ ಇಳಿಸಿದಳು, ತಾಳೆ ನೋಡುವ ಹಂತವನ್ನೂ ಮರಳಿ ಹಾಕಿದಳು. ಆ ವೇಗಕ್ಕೆ ಬೇಕಾದ ವೋಲ್ಟೇಜು ಕೊಟ್ಟಳು. ಯಂತ್ರಕ್ಕೆ ಪೂರ್ತಿ ಭಾರ ಹಾಕಿ, ನನ್ನ ಮೀಟರಿನಿಂದಲೇ ಅಳೆಯಲು ಬಿಟ್ಟಳು. ಬಿದ್ದರೂ ಸಾಕಾಗುವಷ್ಟು ಉಳಿಯುತ್ತದೆಂದು ಇಬ್ಬರೂ ನೋಡಿಕೊಂಡೆವು. ಊಹೆಯ ನಿಯಮವನ್ನು ಕಿತ್ತುಹಾಕಿದಳು. ಆಮೇಲೆ ಕೇಳಿದಳು. "ಖರೇನ ಕೇಳ್ತೀರೇನ್ರಿ? ಕೇಳಿದ ಮ್ಯಾಲ ಕೇಳಿಲ್ಲ ಅನ್ನಾಕ ಬರೂದಿಲ್ಲ."

ಹಚ್ಚಿರೆಂದೆ.

ಭರಮಣ್ಣನ ಉದ್ದ ಪ್ರಶ್ನೆ ಕೇಳಿಸಿತು. ಜನರ ಗುಜುಗುಜು ಕೇಳಿಸಿತು. ನಾಲ್ಕು ಸೆಕೆಂಡು ಹೋಯಿತು. ಅನಂತಮತಿ ನುಡಿದಳು.

"ಶೆಕಿ ಭಾಳ ಆಗ್ಲಿಕ್ಕತ್ತದ. ಫ್ಯಾನ್ ಹಚ್ರಿ."

ಎರಡನೆಯ ಸಲದ ಪ್ರಶ್ನೆ ಬಂತು. ಅದಕ್ಕೆ ಮೊದಲು ಯಂತ್ರ ಅವಳ ಧ್ವನಿಯಲ್ಲಿ ಆಡಿದ ಸುಳ್ಳನ್ನು ಅವಳೂ ಕೇಳಿಸಿಕೊಂಡಿದ್ದಳು. ನಾಲ್ಕು ಸೆಕೆಂಡು.

"ನಾ ಹಂಗ ಅಂದಿಲ್ಲ."

ಮೂರನೆಯ ಪ್ರಶ್ನೆ ಬಂತು, ಅವಳ ಉತ್ತರ ಬರುವ ಮೊದಲೇ ಸಭೆಯ ಮಾತು ಮುಂದೆ ಹೋಯಿತು. ಮಾತಾಜಿ ನನ್ನನ್ನು ಕೇಳಿದ್ದು, ಇದು ಇವರದೇ ಮಾತೇನ್ರಿ ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಹೌದ್ರಿ ಮಾತಾಜಿ ಎಂಬ ನನ್ನ ಧ್ವನಿ ಕೇಳಿಸಿತು. ಅದರ ಬೆನ್ನಿಗೇ ಅವಳ ಧ್ವನಿ.

"ಏನ್ರೀ, ನೀವರೆ ಹೇಳ್ರಿ."

ಶೈಲಜಾ ಯಂತ್ರ ಆರಿಸಿದಳು. ಮತ್ತೊಮ್ಮೆ ಹಚ್ಚಲೇ ಎಂದು ಕೇಳಲಿಲ್ಲ. ಕೇಳದಿದ್ದುದಕ್ಕೆ ಅವಳಿಗೆ ಒಳ್ಳೆಯದಾಗಲಿ.

ಮೂರನೆಯ ದಿನದ ಹಸಿವಿನ ಮಾತನ್ನೂ ಪರೀಕ್ಷಿಸೋಣವೆಂದು ಅವಳೇ ಅಂದಳು. ಬೇಡವೆಂದೆ. ಅಂದು ಕೋಣೆಯಲ್ಲಿ ನಾನೊಬ್ಬನೇ ಇದ್ದೆ. ಭಾರವಿರಲಿಲ್ಲ. ಆ ಓದು ಸರಿಯಾದದ್ದು.

ಬಸದಿಯ ಅಂಗಳದಲ್ಲಿ ಕಲ್ಲು ಆಗಲೇ ಬಂದಿಳಿದಿತ್ತು. ಭರಮಣ್ಣನನ್ನೂ ಪಂಚರನ್ನೂ ನಿಲ್ಲಿಸಿ ಮೂರು ಮಾತನ್ನೂ ಹೇಳಿದೆ. ನಾನು ಟೋಪಿ ತೆಗೆದದ್ದನ್ನೂ ಹೇಳಿದೆ.  ಭರಮಣ್ಣನ ಮುಖ ಬಿಳಿಚಿಕೊಂಡಿತು. ಆದರೂ ಅವನು ಬಿಟ್ಟುಕೊಡಲಿಲ್ಲ. ಆಗಿದ್ದು ಆಗಿಹೋಯಿತು, ಕಲ್ಲು ಹೀಗೇ ಇರಲಿ, ಯಾರಿಗೆ ತಿಳಿಯುತ್ತದೆ ಎಂದು ನನ್ನ ತೋಳು ಹಿಡಿದು ಬೇಡಿಕೊಂಡ.

"ಸತ್ತಾಕಿ ಹೆಸರ ಕೆಡಸ್ತೀರೇನು ಭಾವಾ?"

"ಹೆಸರ ಇರ್ಲಿ. ಒಪ್ಪಿಗಿ ತಗೀರಿ."

ಕಲ್ಲುಕುಟಿಗನನ್ನು ಕರೆಸಿ, ನನ್ನೆದುರೇ ವ್ರತದ ಆ ಸಾಲನ್ನು ಕೊರೆಸಿ ತೆಗೆಸಿದೆ. ಈಗ ಆ ಕಲ್ಲಿನಲ್ಲಿ ಅವಳ ಹೆಸರಿದೆ. ಹೆಸರಿನ ಕೆಳಗೆ ಒರಟಾದ ಒಂದು ತಗ್ಗಿದೆ. ಬಂದವರು ಇದೇನೆಂದು ಕೇಳುತ್ತಾರೆ. ಕೇಳಲಿ ಎಂದೇ ನುಣುಪು ಮಾಡಿಸಿಲ್ಲ.

ಮಾತಾಜಿ ಆ ವರ್ಷದ ಚಾತುರ್ಮಾಸಕ್ಕೆ ನಿಂತಿದ್ದ ಊರಿಗೆ ಹೋದೆ. ನೆಲಕ್ಕೆ ಹಣೆ ಹಚ್ಚಿ ಎಲ್ಲವನ್ನೂ ಒಪ್ಪಿಸಿ ಪ್ರಾಯಶ್ಚಿತ್ತ ಕೇಳಿದೆ. ಉಪವಾಸ ಹೇಳಿಯಾರು, ಜಪ ಹೇಳಿಯಾರು ಎಂದುಕೊಂಡಿದ್ದೆ. ಅವರ ಕಣ್ಣು ತುಂಬಿತ್ತು. ಅಂದು ನಿಮ್ಮನ್ನು ಕೇಳಿ ಸುಮ್ಮನಾದದ್ದು ನನ್ನ ತಪ್ಪೂ ಹೌದು ಎಂದರು. ಆಮೇಲೆ ಅಂದರು,

"ಅವರು ನಿಮಗ ಹೇಳ್ರಿ ಅಂದಿದ್ರಲ್ಲ. ಹೇಳ್ರಿ."

ಈ ಸೀಮೆಯಲ್ಲಿ ಇಂಥ ಯಂತ್ರಗಳು ಇನ್ನೂರಕ್ಕೂ ಹೆಚ್ಚು ಇವೆ. ಯಾವ ಯಾವ ಮನೆಯಲ್ಲಿವೆಯೆಂದು ಕಂಪನಿ ಹೇಳಲಿಲ್ಲ. ಗ್ರಾಹಕರ ಗುಟ್ಟು ಎಂದಿತು. ಶೈಲಜಾ ಕೆಲಸ ಬಿಟ್ಟಳು, ಬಿಡುವ ಮುನ್ನ ಊರುಗಳ ಹೆಸರನ್ನಷ್ಟೇ ಒಂದು ಚೀಟಿಯಲ್ಲಿ ಬರೆದುಕೊಟ್ಟಳು. ಅಷ್ಟು ಸಾಕಾಯಿತು. ಮೀಟರನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಹೋಗುತ್ತೇನೆ. ಊರಿನ ಔಷಧಿ ಅಂಗಡಿಯಲ್ಲಿ ನಳಿಗೆಯಲ್ಲಿ ಉಣ್ಣುವ ರೋಗಿ ಯಾರ ಮನೆಯಲ್ಲಿದ್ದಾರೆಂದು ಕೇಳುತ್ತೇನೆ. ಕೆಲವರು ಬೈದು ಕಳಿಸುತ್ತಾರೆ. ಕಳಿಸಿದರೆ ಮರುದಿನ ಮತ್ತೆ ಹೋಗುತ್ತೇನೆ.

ಮೊನ್ನೆ ಗದಗಿನಲ್ಲಿ ಹದಿನೇಳನೆಯ ಮನೆ. ಕಂಠಿಸಾಲಿಯವರೆಂಬ ನಿವೃತ್ತ ಮಾಸ್ತರು, ಟೋಪಿ ಹಾಕಿಕೊಂಡು ಮಲಗಿದ್ದರು. ಸೊಸೆ ಹೆಮ್ಮೆಯಿಂದ ಹೇಳಿದಳು, ಮೊದಲು ತಡವಾಗುತ್ತಿತ್ತು, ಕಂಪನಿಯವರು ಬಂದು ಚುರುಕು ಮಾಡಿಕೊಟ್ಟರು, ಈಗ ಮಾವನವರು ಎಲ್ಲದಕ್ಕೂ ಥಟ್ಟನೆ ಹೌದು ಅನ್ನುತ್ತಾರೆ, ಸಿಟ್ಟೇ ಮಾಡುವುದಿಲ್ಲ. ಆ ತಿಂಗಳು ಅವರು ಹೊಲವನ್ನು ಮಗನ ಹೆಸರಿಗೆ ಮಾಡಲೂ ಹೌದೆಂದಿದ್ದರು.

ಮನೆಯವರೆಲ್ಲ ಮಾತನಾಡಬೇಕೆಂದೆ. ಟಿ.ವಿ.ಯನ್ನೂ ಹಚ್ಚಿಸಿದೆ. ಮುಳ್ಳು ಒಂದು ಪಾಯಿಂಟ್ ಒಂದು ಎರಡಕ್ಕೆ ಇಳಿಯಿತು. ಅವರಿಗೆ ತೋರಿಸಿದೆ. ಶೈಲಜಾ ಕಲಿಸಿಕೊಟ್ಟಂತೆ ವೇಗ ಇಳಿಸಿದೆ, ಊಹೆಯ ನಿಯಮ ತೆಗೆದೆ. ಛಾವಣಿಯ ಫ್ಯಾನು ಹಚ್ಚಿದೆ. ಎಲ್ಲರೂ ಬಾಯಿ ಮುಚ್ಚಿ ನಿಲ್ಲಿರೆಂದು ಗದರಿದೆ.

ಮಗ ಕೇಳಿದ, "ಅಪ್ಪಾ, ಆರಾಮ ಅದೀಯೇನು?"

ಒಂದು ಸೆಕೆಂಡು ಹೋಯಿತು. ಸೊಸೆ ಏನೋ ಹೇಳಹೋದಳು. ಕೈ ತೋರಿಸಿ ನಿಲ್ಲಿಸಿದೆ. ಎರಡು ಸೆಕೆಂಡು. ಮಗ ನನ್ನ ಮುಖ ನೋಡಿದ. ಮೂರು. ನಾನು ಮಾಸ್ತರ ಮುಖವನ್ನೇ ನೋಡುತ್ತಿದ್ದೆ. ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಇಲ್ಲೋ" ಎಂದಿತು ಯಂತ್ರ.